ಮೆಲನೋಮದಲ್ಲಿ ನಾನ್‌ಕೋಡಿಂಗ್ ಆರ್‌ಎನ್‌ಎ ಅಧ್ಯಯನ: ಮೊದಲ ಪ್ರಶ್ನೆಯಿಂದ ಪ್ರಯೋಗದವರೆಗೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಿಂದ ಹುಟ್ಟುವ ಕ್ಯಾನ್ಸರಾದ ಮೆಲನೋಮದ ಗಡ್ಡೆಯಿಂದ ಒಂದು ತುಣುಕನ್ನೂ ಆರೋಗ್ಯವಾದ ಚರ್ಮದಿಂದ ಒಂದು ತುಣುಕನ್ನೂ ತೆಗೆದುಕೊಂಡು ಮಿರ್-211 ಎಂಬ ಪುಟ್ಟ ಆರ್‌ಎನ್‌ಎಯನ್ನು ಅಳೆದರೆ, ಗಡ್ಡೆಯಲ್ಲಿ ಅದು ಹೆಚ್ಚಿರುವಂತೆ ಕಾಣುತ್ತದೆ. ಚರ್ಮದ ತುಣುಕಿನ ಬದಲು ಶುದ್ಧವಾಗಿ ಬೆಳೆಸಿದ ಮೆಲನೋಸೈಟುಗಳನ್ನು ಇಟ್ಟು ಹೋಲಿಸಿದರೆ ಅನೇಕ ಮೆಲನೋಮಗಳಲ್ಲಿ ಅದೇ ಮಿರ್-211 ಕಡಿಮೆಯಾಗಿರುತ್ತದೆ. ಎರಡು ಅಳತೆಗಳಲ್ಲಿ ಯಾವುದೂ ತಪ್ಪಲ್ಲ. ಹೊರಚರ್ಮದ ಬಹುಪಾಲು ಕೆರಾಟಿನ್ ಪ್ರೋಟೀನು ತಯಾರಿಸುವ ಕೆರಾಟಿನೋಸೈಟುಗಳಿಂದ ಆದದ್ದು. ಬಣ್ಣ ಕೊಡುವ ಮೆಲನೋಸೈಟುಗಳು ಹೊರಚರ್ಮದ ತಳಪದರದಲ್ಲಿ ಅಲ್ಲೊಂದು ಇಲ್ಲೊಂದು ಕುಳಿತಿರುತ್ತವೆ. ಮಿರ್-211ರ ಜೀನು ಟಿಆರ್‌ಪಿಎಂ1 ಎಂಬ ಜೀನಿನ ಇಂಟ್ರಾನಿನೊಳಗೆ (ಪ್ರೋಟೀನನ್ನು ಸಂಕೇತಿಸದ ನಡುಭಾಗದೊಳಗೆ) ಇದ್ದು, ಮೆಲನೋಸೈಟುಗಳ ಮುಖ್ಯ ನಿಯಂತ್ರಕವಾದ ಎಂಐಟಿಎಫ್ ಪ್ರೋಟೀನು ಅದನ್ನು ಚಾಲೂ ಮಾಡುತ್ತದೆ. ಆದ್ದರಿಂದ ಮೊದಲ ಹೋಲಿಕೆ ಹೇಳುವುದು ‘ಇಲ್ಲಿ ಮೆಲನೋಸೈಟ್ ಕುಲದ ಕೋಶಗಳು ಹೆಚ್ಚಿವೆ’ ಎಂಬುದನ್ನು ಮಾತ್ರ. ಕ್ಯಾನ್ಸರ್ ಆದಾಗ ಆ ಕೋಶದೊಳಗೆ ಏನು ಬದಲಾಯಿತು ಎಂಬುದಕ್ಕೆ ಎರಡನೆಯ ಹೋಲಿಕೆಯೇ ಬೇಕು.

ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು, ಪ್ರಯೋಗಾಲಯದೊಂದಿಗೆ ಕೈಜೋಡಿಸಲು ಬಯಸುವ ಚರ್ಮರೋಗ ವೈದ್ಯರು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಅಳೆದ ಆರ್‌ಎನ್‌ಎ ಯಾವ ಕೋಶದ್ದು ಎಂಬ ಪ್ರಶ್ನೆಯನ್ನು ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾಗುತ್ತದೆ. ಉದಾಹರಣೆಗಳನ್ನೆಲ್ಲ ಮೆಲನೋಮದಿಂದಲೇ ಆರಿಸಿದ್ದೇನೆ. ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಕಾರ್ಸಿನೋಮಗಳು ಕೆರಾಟಿನೋಸೈಟ್ ಕುಲದ ಕ್ಯಾನ್ಸರುಗಳಾದ್ದರಿಂದ ಅವುಗಳಿಗೆ ಹೋಲಿಕೆಯ ಅಂಗಾಂಶ ಬೇರೆಯಾಗುತ್ತದೆ. ಕೆಲಸದ ಕ್ರಮ ಮಾತ್ರ ಬಹುಮಟ್ಟಿಗೆ ಇದೇ.

ಪದಗಳ ಬಗ್ಗೆ ಒಂದು ಮಾತು. ಮನುಷ್ಯನ ಜೀನೋಮಿನಲ್ಲಿ ಪ್ರೋಟೀನನ್ನು ಸಂಕೇತಿಸುವ ಭಾಗ ಶೇಕಡಾ 2ಕ್ಕಿಂತಲೂ ಕಡಿಮೆ. ಆದರೆ ಆರ್‌ಎನ್‌ಎಯಾಗಿ ನಕಲಾಗುವ ಭಾಗ ಅದಕ್ಕಿಂತ ಎಷ್ಟೋ ದೊಡ್ಡದು. ಪ್ರೋಟೀನಾಗಿ ಅನುವಾದವಾಗದ ಈ ನಕಲುಗಳಲ್ಲಿ ಸುಮಾರು 22 ನ್ಯೂಕ್ಲಿಯೋಟೈಡುಗಳಷ್ಟು ಉದ್ದದವು ಮೈಕ್ರೋಆರ್‌ಎನ್‌ಎಗಳು (ಮಿರ್-211 ಇವುಗಳಲ್ಲೊಂದು). ಅವು ತಮಗೆ ಹೊಂದುವ ಎಂಆರ್‌ಎನ್‌ಎಗಳಿಗೆ, ಅಂದರೆ ಪ್ರೋಟೀನಿನ ಸಂದೇಶ ಒಯ್ಯುವ ಆರ್‌ಎನ್‌ಎಗಳಿಗೆ, ಅಂಟಿಕೊಂಡು ಅವುಗಳನ್ನು ಅಡಗಿಸುತ್ತವೆ. ಮೊದಲ ಮೈಕ್ರೋಆರ್‌ಎನ್‌ಎಯನ್ನು 1993ರಲ್ಲಿ ಒಂದು ಪುಟ್ಟ ದುಂಡುಹುಳುವಿನಲ್ಲಿ ಗುರುತಿಸಲಾಯಿತು, ಮತ್ತು ಆ ಸಂಶೋಧನೆಗಾಗಿ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಪುರಸ್ಕಾರ ಸಂದಿತು. ಸಾಂಪ್ರದಾಯಿಕವಾಗಿ 200 ನ್ಯೂಕ್ಲಿಯೋಟೈಡುಗಳಿಗಿಂತ ಉದ್ದವಾದವನ್ನು ನೀಳ ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುತ್ತಾರೆ. ಇಲ್ಲಿ ಚಿಕ್ಕದಾಗಿ ನೀಳ ಆರ್‌ಎನ್‌ಎ ಎನ್ನುತ್ತೇನೆ.

ಹಂತ 1: ಪ್ರಶ್ನೆ ಮತ್ತು ಹೋಲಿಕೆಯನ್ನು ಒಟ್ಟಿಗೇ ಬರೆಯಿರಿ

‘ಮೆಲನೋಮದಲ್ಲಿ ಯಾವ ಆರ್‌ಎನ್‌ಎಗಳು ಬದಲಾಗುತ್ತವೆ?’ ಎಂಬುದು ಪ್ರಶ್ನೆಯೇ ಅಲ್ಲ, ಯಾವುದಕ್ಕೆ ಹೋಲಿಸಿದಾಗ ಎಂಬುದು ಅದರಲ್ಲಿಲ್ಲ. ಕ್ಯಾನ್ಸರ್ ಹೇಗೆ ಹುಟ್ಟುತ್ತದೆ ಎಂದು ತಿಳಿಯಬೇಕಿದ್ದರೆ ಸಾಮಾನ್ಯ ಮಚ್ಚೆಯನ್ನು ಮೂಲಗಡ್ಡೆಯೊಂದಿಗೆ ಹೋಲಿಸಬೇಕು. ಸಾಧ್ಯವಿದ್ದರೆ ಒಂದೇ ರೋಗಿಯಲ್ಲಿ ಮಚ್ಚೆಯ ಅಂಚಿನಿಂದಲೇ ಎದ್ದ ಮೆಲನೋಮದೊಂದಿಗೆ. ಬಹುಪಾಲು ಸಾಮಾನ್ಯ ಮಚ್ಚೆಗಳಲ್ಲೂ ಕೋಶವಿಭಜನೆಯನ್ನು ಉತ್ತೇಜಿಸುವ ಬಿಆರ್‌ಎಎಫ್ ಜೀನಿನ ವಿ600ಇ ಎಂಬ ರೂಪಾಂತರ (ಮ್ಯುಟೇಷನ್) ಇರುವುದರಿಂದ, ಆ ರೂಪಾಂತರದಾಚೆಗೆ ಇನ್ನೇನು ಸೇರಿಕೊಂಡಿತು ಎಂಬುದನ್ನು ಈ ಹೋಲಿಕೆ ಚೆನ್ನಾಗಿ ತೋರಿಸುತ್ತದೆ. ಹರಡುವಿಕೆ ನಿಮ್ಮ ವಿಷಯವಾದರೆ ಮೂಲಗಡ್ಡೆ ಮತ್ತು ಹರಡಿದ ಗಡ್ಡೆಗಳ ಜೋಡಿ ಬೇಕು. ಬಿಆರ್‌ಎಎಫ್ ತಡೆಯುವ ಔಷಧಿಗೆ ಬರುವ ಪ್ರತಿರೋಧ ನಿಮ್ಮ ವಿಷಯವಾದರೆ ಅದೇ ರೋಗಿಯ ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ತುಣುಕುಗಳು ಬೇಕು.

ಮೆಲನೋಸೈಟುಗಳನ್ನು ತಟ್ಟೆಯಲ್ಲಿ ಬೆಳೆಸಿ ಹೋಲಿಕೆಗೆ ಇಡುವವರು ಒಂದು ವಿಷಯವನ್ನು ನೆನಪಿಡಬೇಕು. ಅವು ವೃದ್ಧಿಕಾರಕಗಳು ತುಂಬಿದ ದ್ರಾವಣದಲ್ಲಿ ವಿಭಜಿಸುತ್ತಿರುವ ಕೋಶಗಳು. ಚರ್ಮದಲ್ಲಿರುವ ಮೆಲನೋಸೈಟುಗಳಾದರೋ ಬಹುತೇಕ ವಿಭಜನೆಯೇ ಇಲ್ಲದೆ ಇರುತ್ತವೆ. ದೋಷವಿಲ್ಲದ ಹೋಲಿಕೆ ಸಿಗುವುದು ಅಪರೂಪ. ಎರಡು ಭಿನ್ನ ಹೋಲಿಕೆಗಳಲ್ಲೂ ಒಂದೇ ದಿಕ್ಕಿಗೆ ಬದಲಾಗುವ ಆರ್‌ಎನ್‌ಎಗಳನ್ನು ಮಾತ್ರ ಮುಂದಕ್ಕೆ ಒಯ್ಯುವುದು ನಾನು ಅನುಸರಿಸುವ ದಾರಿ.

ಹಂತ 2: ಈಗಾಗಲೇ ಇರುವ ದತ್ತಾಂಶವನ್ನು ಮೊದಲು ಓದಿ

ಹಣ ಖರ್ಚು ಮಾಡುವ ಮೊದಲು ಕ್ಯಾನ್ಸರುಗಳ ಜೀನೋಮನ್ನು ಓದಿದ ಅಮೆರಿಕದ ಟಿಸಿಜಿಎ ಯೋಜನೆಯ ಮೆಲನೋಮ ಸಂಗ್ರಹವನ್ನು ತೆರೆದು ನೋಡಿ. ಅದರ ಮುಖ್ಯ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. 333 ಗಡ್ಡೆಗಳನ್ನು ಅಭ್ಯಸಿಸಿ, ರೂಪಾಂತರಗಳ ಆಧಾರದ ಮೇಲೆ ಬಿಆರ್‌ಎಎಫ್, ಆರ್‌ಎಎಸ್, ಎನ್‌ಎಫ್1 ಮತ್ತು ಈ ಮೂರೂ ಇಲ್ಲದ ನಾಲ್ಕನೆಯ ಗುಂಪು ಎಂದು ವಿಂಗಡಿಸಿತು. ಈಗ ಆ ಸಂಗ್ರಹದಲ್ಲಿ ಸುಮಾರು 470 ರೋಗಿಗಳ ದತ್ತಾಂಶವಿದ್ದು, ಜೀನುಗಳ ಎಣಿಕೆಯನ್ನು ಯಾರಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು.

ಆದರೆ ಅದರ ಮಿತಿಗಳನ್ನು ಅರಿಯದೆ ಬಳಸಿದವರು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಬಹುಪಾಲು ಮಾದರಿಗಳು ಹರಡಿದ ಗಡ್ಡೆಗಳು, ಅವುಗಳಲ್ಲಿ ಹಲವು ದುಗ್ಧಗ್ರಂಥಿಗಳಿಂದ ತೆಗೆದವು. ಸಾಮಾನ್ಯ ಅಂಗಾಂಶದ ಮಾದರಿ ಇರುವುದು ಒಂದೇ ಒಂದು. ಈ ಕೊರತೆಯನ್ನು ತುಂಬಲು ಅನೇಕರು ಜಿಟೆಕ್ಸ್ ಸಂಗ್ರಹದ ಆರೋಗ್ಯವಂತ ಚರ್ಮವನ್ನು ತಂದು ಪಕ್ಕಕ್ಕಿಡುತ್ತಾರೆ. ಆಗ ಪ್ರಯೋಗಾಲಯ, ಸಂಗ್ರಹದ ರೀತಿ, ಕೋಶಗಳ ಮಿಶ್ರಣ ಎಲ್ಲವೂ ಒಮ್ಮೆಲೇ ಬೇರೆಯಾಗಿ, ಸಾವಿರಾರು ಜೀನುಗಳು ‘ಬದಲಾದವು’ ಎಂಬ ಪಟ್ಟಿ ಬರುತ್ತದೆ. ಅಂಥ ಪಟ್ಟಿಯ ಮೇಲೆ ಕಟ್ಟಿದ ಪ್ರಬಂಧಗಳನ್ನು ನಾನು ನಂಬುವುದಿಲ್ಲ. ಗಡ್ಡೆಗಳೊಳಗಿನ ಹೋಲಿಕೆಗಳಿಗೆ, ಅಂದರೆ ಎಂಐಟಿಎಫ್ ಹೆಚ್ಚಿರುವವು ಮತ್ತು ಕಡಿಮೆಯಿರುವವು ಎಂಬಂಥ ಹೋಲಿಕೆಗಳಿಗೆ, ಟಿಸಿಜಿಎ ನಿಜವಾಗಿಯೂ ಸಮೃದ್ಧವಾದ ಆಕರ.

ಎರಡು ಪ್ರಾಯೋಗಿಕ ಸೂಚನೆಗಳಿವೆ. ಟಿಸಿಜಿಎಯ ಆರ್‌ಎನ್‌ಎ ಸೀಕ್ವೆನ್ಸಿಂಗ್ ಪಾಲಿ-ಎ ಬಾಲವಿರುವ (ತುದಿಯಲ್ಲಿ ಅಡೆನಿನ್‌ಗಳ ಸಾಲಿರುವ) ಆರ್‌ಎನ್‌ಎಗಳನ್ನು ಆರಿಸಿ, ಎಳೆಯ ದಿಕ್ಕನ್ನು, ಅಂದರೆ ಡಿಎನ್‌ಎಯ ಯಾವ ಎಳೆಯಿಂದ ನಕಲಾದದ್ದು ಎಂಬುದನ್ನು, ದಾಖಲಿಸದೆ ಮಾಡಿದ್ದು. ಹೀಗಾಗಿ ಎಣಿಕೆಯ ಕಡತದಲ್ಲಿ ದಿಕ್ಕನ್ನು ಪರಿಗಣಿಸದ ಅಂಕಣವನ್ನೇ ಬಳಸಬೇಕು, ಮತ್ತು ಇನ್ನೊಂದು ಜೀನಿನ ಮೇಲೆ ಎದುರು ದಿಕ್ಕಿನಲ್ಲಿ ಹಾಯುವ ನೀಳ ಆರ್‌ಎನ್‌ಎಗಳ ವಿಷಯದಲ್ಲಿ ಈ ದತ್ತಾಂಶ ಖಚಿತ ಉತ್ತರ ಕೊಡಲಾರದು. ಮೈಕ್ರೋಆರ್‌ಎನ್‌ಎಗಳಿಗೆ ಎರಡು ಬಗೆಯ ಕಡತಗಳಿವೆ. ಅವುಗಳಲ್ಲಿ ಐಸೋಫಾರ್ಮ್ ಎಣಿಕೆಯ ಕಡತವನ್ನು ತೆಗೆದುಕೊಂಡರೆ ಮಾತ್ರ ಒಂದೇ ಪೂರ್ವರೂಪದ ಎರಡು ಬದಿಗಳಿಂದ ಬರುವ 5ಪಿ ಮತ್ತು 3ಪಿ ತೋಳುಗಳನ್ನು ಬೇರೆಬೇರೆಯಾಗಿ ಎಣಿಸಬಹುದು.

ಇನ್ನೊಂದು ಮಿತಿ ನಮಗೆ ಹತ್ತಿರದ್ದು. ಟಿಸಿಜಿಎಯ ಮೆಲನೋಮ ರೋಗಿಗಳಲ್ಲಿ ಬಹುತೇಕರು ಬಿಳಿಯರು, ಅವರ ಗಡ್ಡೆಗಳಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳ ಗುರುತು ದಟ್ಟವಾಗಿದೆ. ಭಾರತದಲ್ಲಿ ಮೆಲನೋಮ ಅಪರೂಪದ ರೋಗ. ಕಂಡುಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿ ಇವುಗಳಲ್ಲಿ ಏಳುವ ಅಕ್ರಲ್ ಮೆಲನೋಮದ ಪಾಲು ಗಣನೀಯವಾಗಿರುತ್ತದೆ. ಅಕ್ರಲ್ ಗಡ್ಡೆಗಳಲ್ಲಿ ಬಿಸಿಲಿನ ಗುರುತು ಕಡಿಮೆ, ಕ್ರೋಮೋಸೋಮುಗಳ ಮುರಿತ ಮತ್ತು ಮರುಜೋಡಣೆ ಹೆಚ್ಚು, ಕೆಐಟಿ ಜೀನಿನ ರೂಪಾಂತರಗಳು ಹೆಚ್ಚು. ಬಿಸಿಲಿನ ಮೆಲನೋಮದಿಂದ ಪಡೆದ ಆರ್‌ಎನ್‌ಎ ಪಟ್ಟಿ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಆಸ್ಪತ್ರೆಗೆ ಅಂಗಾಲಿನ ಹುಣ್ಣಿನೊಂದಿಗೆ ಬರುವ ರೈತನ ಗಡ್ಡೆಗೆ ಹಾಗೆಯೇ ಒಪ್ಪುತ್ತದೆಂದು ಊಹಿಸಿಕೊಳ್ಳಬಾರದು. ಇಲ್ಲಿನ ಮಾದರಿಗಳನ್ನು ಇಲ್ಲಿಯೇ ಅಳೆಯಬೇಕಾದ ಕಾರಣ ಇದು.

ಹಂತ 3: ಅನುಮತಿ ಮತ್ತು ಮಾದರಿ ಸಂಗ್ರಹ

ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಬರುವ ಮೊದಲು ಒಂದು ತುಣುಕನ್ನೂ ಮುಟ್ಟುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯನ್ನು ಓದಿಕೊಂಡೇ ಅರ್ಜಿ ಬರೆಯಿರಿ. ಒಪ್ಪಿಗೆಪತ್ರ ರೋಗಿಯ ಭಾಷೆಯಲ್ಲಿರಬೇಕು, ಮತ್ತು ಅನುವಂಶೀಯ ಮಾಹಿತಿ ಸಂಗ್ರಹವಾಗುತ್ತದೆ, ಹೆಸರಿಲ್ಲದೆ ಇತರ ಸಂಶೋಧಕರೊಂದಿಗೆ ಹಂಚಿಕೆಯಾಗಬಹುದು ಎಂಬುದನ್ನು ಅದರಲ್ಲಿ ಬಿಡಿಸಿ ಹೇಳಿರಬೇಕು. ರೋಗನಿರ್ಣಯಕ್ಕೆ ಬೇಕಾದ ಅಂಗಾಂಶವೇ ಮೊದಲು. ಚಿಕ್ಕ ಗಡ್ಡೆಯಲ್ಲಿ ಅದರ ದಪ್ಪವನ್ನು ಅಳೆಯಲು ಪೆಥಾಲಜಿ ವೈದ್ಯರಿಗೆ ಇಡೀ ಗಡ್ಡೆ ಬೇಕಾಗುತ್ತದೆ. ಸಂಶೋಧನೆಗೆಂದು ಅದನ್ನು ಕತ್ತರಿಸುವುದು ರೋಗಿಗೆ ಮಾಡುವ ಅನ್ಯಾಯ.

ತಾಜಾ ತುಣುಕು ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ದ್ರವ ಸಾರಜನಕಕ್ಕೆ ಅಥವಾ ಆರ್‌ಎನ್‌ಎ ರಕ್ಷಕ ದ್ರಾವಣಕ್ಕೆ ಹೋಗಬೇಕು, ಏಕೆಂದರೆ ಚರ್ಮದಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಹೇರಳವಾಗಿವೆ. ಮೂಲಗಡ್ಡೆಗಳು ಹೆಚ್ಚಾಗಿ ಸಿಗುವುದು ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂಡಿಸಿದ ಬ್ಲಾಕುಗಳಾಗಿ. ಅವುಗಳಲ್ಲಿ ಉದ್ದ ಆರ್‌ಎನ್‌ಎಗಳು ತುಂಡಾಗಿರುತ್ತವೆ; ಮೈಕ್ರೋಆರ್‌ಎನ್‌ಎಗಳು ಹುಟ್ಟಿನಿಂದಲೇ ಚಿಕ್ಕವಾದ್ದರಿಂದ ಗಮನಾರ್ಹವಾಗಿ ಉಳಿದುಕೊಂಡಿರುತ್ತವೆ. ನಿಮ್ಮಲ್ಲಿರುವುದು ಹಳೆಯ ಬ್ಲಾಕುಗಳು ಮಾತ್ರವಾದರೆ ಮೈಕ್ರೋಆರ್‌ಎನ್‌ಎಯಿಂದಲೇ ಆರಂಭಿಸಿ.

ಪ್ರತಿ ಬ್ಲಾಕಿನಿಂದ ಒಂದು ಸ್ಲೈಡಿಗೆ ಬಣ್ಣ ಹಾಕಿಸಿ, ಗಡ್ಡೆ ಎಲ್ಲಿದೆ, ಕೆರಾಟಿನೋಸೈಟುಗಳು ಎಲ್ಲಿವೆ, ಲಿಂಫೋಸೈಟುಗಳು ಎಲ್ಲಿ ಗುಂಪುಗೂಡಿವೆ ಎಂದು ಪೆಥಾಲಜಿ ವೈದ್ಯರಿಂದ ಗುರುತು ಮಾಡಿಸಿಕೊಳ್ಳಿ. ಗುರುತಿಸಿದ ಭಾಗವನ್ನು ಮಾತ್ರ ಸೂಕ್ಷ್ಮದರ್ಶಕದಡಿ ಕೆರೆದು ತೆಗೆಯಬೇಕು. ಈ ಒಂದು ದಿನದ ಕೆಲಸ ಮುಂದೆ ತಿಂಗಳುಗಟ್ಟಲೆ ನಡೆಸುವ ಗಣಿತದ ತಿದ್ದುಪಡಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಹಂತ 4: ಆರ್‌ಎನ್‌ಎ ಬೇರ್ಪಡಿಕೆ ಮತ್ತು ಲೈಬ್ರರಿ

ಮೆಲನೋಮದ ಆರ್‌ಎನ್‌ಎ ಕೆಲವೊಮ್ಮೆ ಕಂದು ಅಥವಾ ಕಪ್ಪು ಬಣ್ಣದಲ್ಲಿ ಹೊರಬರುತ್ತದೆ. ಆ ಬಣ್ಣ ಮೆಲನಿನ್‌ನದು. ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಆ ಡಿಎನ್‌ಎಯನ್ನು ವರ್ಧಿಸುವ ಪಿಸಿಆರ್ ಕಿಣ್ವ ಎರಡನ್ನೂ ಮೆಲನಿನ್ ತಡೆಯುತ್ತದೆ. ಬಣ್ಣದ ಗಡ್ಡೆಗಳಲ್ಲಿ ‘ವ್ಯಕ್ತವಾಗುವಿಕೆ ಕುಗ್ಗಿದೆ’ ಎಂದು ಮೊದಮೊದಲು ನಾನು ಸಂಭ್ರಮದಿಂದ ಬರೆದಿಟ್ಟಿದ್ದ ಫಲಿತಾಂಶವೊಂದು, ಅದೇ ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿ ಓಡಿಸಿದಾಗ ಕರಗಿಹೋಯಿತು. ಅಂದಿನಿಂದ ಪ್ರತಿ ಮಾದರಿಯನ್ನೂ ಎರಡು ಸಾಂದ್ರತೆಗಳಲ್ಲಿ ಪರೀಕ್ಷಿಸುತ್ತೇನೆ. ಎರಡರ ಫಲಿತಾಂಶ ತೆಳುಗೊಳಿಸಿದ ಪ್ರಮಾಣಕ್ಕೆ ತಕ್ಕಂತೆ ಇಲ್ಲದಿದ್ದರೆ ಮಾದರಿಯನ್ನು ಇನ್ನೊಮ್ಮೆ ಶುದ್ಧೀಕರಿಸುತ್ತೇನೆ.

ಸಾಮಾನ್ಯ ಸಿಲಿಕಾ ಕಾಲಮ್ಮುಗಳು ಚಿಕ್ಕ ಆರ್‌ಎನ್‌ಎಗಳನ್ನು ತೊಳೆದು ಚೆಲ್ಲಿಬಿಡುತ್ತವೆ. ಮೈಕ್ರೋಆರ್‌ಎನ್‌ಎ ಬೇಕಿದ್ದವರು ಅದನ್ನು ಉಳಿಸಿಕೊಳ್ಳುವ ಕಿಟ್ಟನ್ನೇ ಕೊಳ್ಳಬೇಕು. ಲೈಬ್ರರಿಗಳೂ, ಅಂದರೆ ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸಿದ ತುಣುಕುಗಳ ಸಂಗ್ರಹಗಳೂ, ಎರಡು ಬೇರೆಬೇರೆ ಬೇಕಾಗುತ್ತವೆ. ನೀಳ ಆರ್‌ಎನ್‌ಎಗಳಿಗೆ ರೈಬೋಸೋಮಿನ ಆರ್‌ಎನ್‌ಎಯನ್ನು ತೆಗೆದು, ಎಳೆಯ ದಿಕ್ಕನ್ನು ಉಳಿಸಿಕೊಳ್ಳುವ ಒಟ್ಟು ಆರ್‌ಎನ್‌ಎ ಲೈಬ್ರರಿಯನ್ನು ಆರಿಸಿ. ಪಾಲಿ-ಎ ಆಯ್ಕೆ ಅಗ್ಗವಾದರೂ ಬಾಲವಿಲ್ಲದ ಆರ್‌ಎನ್‌ಎಗಳನ್ನು ಕಳೆಯುತ್ತದೆ, ತುಂಡಾದ ಮೇಣದ ಮಾದರಿಗಳಿಗಂತೂ ಹೊಂದುವುದೇ ಇಲ್ಲ. ನೀಳ ಆರ್‌ಎನ್‌ಎಗಳು ಪ್ರೋಟೀನಿನ ಎಂಆರ್‌ಎನ್‌ಎಗಳಿಗಿಂತ ಸಾಮಾನ್ಯವಾಗಿ ವಿರಳ, ಆದ್ದರಿಂದ ಓದುಗಳ (ಸೀಕ್ವೆನ್ಸಿಂಗ್ ಯಂತ್ರ ಓದುವ ತುಣುಕುಗಳ) ಸಂಖ್ಯೆಯಲ್ಲಿ ಜಿಪುಣತನ ಸಲ್ಲದು. ಮೈಕ್ರೋಆರ್‌ಎನ್‌ಎಗಳಿಗೆ ಪ್ರತ್ಯೇಕ ಚಿಕ್ಕ ಆರ್‌ಎನ್‌ಎ ಲೈಬ್ರರಿ ಬೇಕು. ಎರಡನ್ನೂ ಒಂದೇ ಆರ್‌ಎನ್‌ಎ ಸೀಸೆಯಿಂದ ಮಾಡಿದರೆ ಮುಂದೆ ಜೋಡಿಸಿ ನೋಡಲು ಅನುಕೂಲ. ಮಚ್ಚೆಗಳನ್ನು ಒಂದು ದಿನ, ಗಡ್ಡೆಗಳನ್ನು ಇನ್ನೊಂದು ದಿನ ಎಂದು ಮಾತ್ರ ಮಾಡಬೇಡಿ. ಪ್ರತಿ ದಿನದ ಗುಂಪಿನಲ್ಲೂ ಎರಡೂ ಬೆರೆತಿರಲಿ.

ಹಂತ 5: ಓದುಗಳಿಂದ ಎಣಿಕೆಗೆ

ಇಲ್ಲಿನ ದಾರಿ ಚೆನ್ನಾಗಿ ಸವೆದದ್ದು. ಫಾಸ್ಟ್‌ಕ್ಯೂಸಿ ತಂತ್ರಾಂಶದಲ್ಲಿ ಗುಣಮಟ್ಟ ನೋಡಿ, ಲೈಬ್ರರಿ ಮಾಡುವಾಗ ಅಂಟಿಸಿದ ಅಡಾಪ್ಟರುಗಳನ್ನು ಕಟ್‌ಅಡಾಪ್ಟ್‌ನಿಂದ ಕತ್ತರಿಸಿ, ಸ್ಟಾರ್ ಅಥವಾ ಸಾಲ್ಮನ್ ಬಳಸಿ ಓದುಗಳನ್ನು ಜೆನ್‌ಕೋಡ್ ಎಂಬ ಜೀನುಪಟ್ಟಿಯ ಮೇಲೆ ಕೂರಿಸಬೇಕು. ಯಾವ ಆವೃತ್ತಿಯ ಪಟ್ಟಿ ಎಂಬುದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ನೀಳ ಆರ್‌ಎನ್‌ಎಗಳ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ; ಹೆಸರಿನ ಬದಲು ಎನ್‌ಸೆಂಬಲ್ ಗುರುತುಸಂಖ್ಯೆಯನ್ನು ಹಿಡಿದು ನಡೆಯುವುದು ಕ್ಷೇಮ. ಎಣಿಕೆಯ ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬಾರದು. ಸೆಪ್ಟಿನ್ ಕುಟುಂಬದ ಜೀನುಗಳ ಹಳೆಯ ಹೆಸರುಗಳನ್ನು ಅದು ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದ ಕಾರಣಕ್ಕೆ, 2020ರಲ್ಲಿ ಜೀನುಗಳ ನಾಮಕರಣ ಸಮಿತಿಯೇ ಆ ಹೆಸರುಗಳನ್ನು ಬದಲಿಸಬೇಕಾಯಿತು.

ಮೈಕ್ರೋಆರ್‌ಎನ್‌ಎಗಳಲ್ಲಿ ಒಂದು ಸೂಕ್ಷ್ಮವಿದೆ, ಮತ್ತು ಅದು ನಮ್ಮ ಮಿರ್-211ಕ್ಕೇ ಅಂಟಿಕೊಂಡಿದೆ. ಮಿರ್-204-5ಪಿ ಮತ್ತು ಮಿರ್-211-5ಪಿ ಎರಡಕ್ಕೂ ಇರುವ ವ್ಯತ್ಯಾಸ ಕೇವಲ 2 ನ್ಯೂಕ್ಲಿಯೋಟೈಡುಗಳದ್ದು, ಅದೂ ಬಾಲದ ಕಡೆಗಿನ 17 ಮತ್ತು 18ನೆಯ ಸ್ಥಾನಗಳಲ್ಲಿ. ಎರಡು ತಪ್ಪುಗಳನ್ನು ಕ್ಷಮಿಸುವಂತೆ ಜೋಡಣೆಯ ನಿಯಮವನ್ನು ಸಡಿಲಿಸಿದರೆ ಇವೆರಡರ ಓದುಗಳು ಬೆರೆತುಹೋಗುತ್ತವೆ. ಮಿರ್-204 ಬರುವುದು ಟಿಆರ್‌ಪಿಎಂ3 ಎಂಬ ಬೇರೊಂದು ಜೀನಿನಿಂದ, ಬೇರೆ ಕೋಶಗಳಲ್ಲೂ. ಬೆರೆತ ಎಣಿಕೆಯಿಂದ ಬರುವ ತೀರ್ಮಾನಕ್ಕೆ ಅರ್ಥವಿರುವುದಿಲ್ಲ. ಆದ್ದರಿಂದ ಈ ಜೋಡಿಗೆ ಒಂದೂ ತಪ್ಪಿಲ್ಲದ ಜೋಡಣೆಯನ್ನೇ ಒತ್ತಾಯಿಸಿ.

ಹಂತ 6: ಸಂಖ್ಯಾಶಾಸ್ತ್ರ

ಗುಂಪುಗಳ ನಡುವೆ ಬದಲಾದ ಜೀನುಗಳನ್ನು ಹುಡುಕುವ ತಂತ್ರಾಂಶಗಳಾದ ಡಿಇಸೀಕ್2 ಮತ್ತು ಎಡ್ಜ್‌ಆರ್ ಕೇಳುವುದು ಕಚ್ಚಾ ಎಣಿಕೆಗಳನ್ನು. ಉದ್ದಕ್ಕೆ ಅಥವಾ ಒಟ್ಟು ಮೊತ್ತಕ್ಕೆ ಸರಿಹೊಂದಿಸಿದ ಸಂಖ್ಯೆಗಳನ್ನು ಅವುಗಳಿಗೆ ಕೊಡಬಾರದು. ಮೊದಲು ಪ್ರಧಾನ ಘಟಕಗಳ (ಪಿಸಿಎ) ನಕ್ಷೆಯನ್ನು ಬರೆದು, ಮಾದರಿಗಳು ರೋಗಕ್ಕೆ ತಕ್ಕಂತೆ ಬೇರ್ಪಡುತ್ತವೆಯೋ ಸಂಗ್ರಹದ ದಿನಕ್ಕೆ ತಕ್ಕಂತೆಯೋ ನೋಡಿ. ಒಂದೇ ರೋಗಿಯ ಜೋಡಿ ಮಾದರಿಗಳಿದ್ದರೆ ರೋಗಿಯನ್ನು ಸೂತ್ರದಲ್ಲಿ ಸೇರಿಸಿ. ಹತ್ತಾರು ಸಾವಿರ ಜೀನುಗಳನ್ನು ಒಮ್ಮೆಲೇ ಪರೀಕ್ಷಿಸುವುದರಿಂದ, ಬೆಂಜಮಿನಿ–ಹಾಕ್‌ಬರ್ಗ್ ವಿಧಾನದಲ್ಲಿ ಸುಳ್ಳು ಪತ್ತೆಗಳ ಪ್ರಮಾಣವನ್ನು ಹಿಡಿತದಲ್ಲಿಡುವುದು ಕಡ್ಡಾಯ. ಪ್ರತಿ ಗುಂಪಿಗೆ 3 ಮಾದರಿಗಳು ಕೋಶಸಾಲಿನ (ತಟ್ಟೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದ ಕೋಶಗಳ) ಪ್ರಯೋಗಕ್ಕೆ ಹೇಗೋ ಸಾಕಾಗಬಹುದು. ರೋಗಿಗಳ ನಡುವಿನ ವೈವಿಧ್ಯಕ್ಕೆ ಅದು ಏನೇನೂ ಸಾಲದು. ಬದುಕುಳಿಯುವಿಕೆಯ ವಿಶ್ಲೇಷಣೆಯಲ್ಲಿ ‘ಹೆಚ್ಚು’ ಮತ್ತು ‘ಕಡಿಮೆ’ ಎಂಬ ಗಡಿಯನ್ನು ಫಲಿತಾಂಶ ಚೆನ್ನಾಗಿ ಕಾಣುವ ಜಾಗಕ್ಕೆ ಸರಿಸಿ ಇಡುವ ಅಭ್ಯಾಸ ವ್ಯಾಪಕವಾಗಿದೆ. ಗಡಿಯನ್ನು ಮೊದಲೇ ನಿಶ್ಚಯಿಸಿ. ಇಲ್ಲವೇ ಗಡಿಯಿಲ್ಲದೆ, ಅಳತೆಯನ್ನು ಇದ್ದ ಹಾಗೆಯೇ ಬದುಕುಳಿದ ಅವಧಿಯನ್ನು ವಿಶ್ಲೇಷಿಸುವ ಕಾಕ್ಸ್ ಗಣಿತಸೂತ್ರಕ್ಕೆ ಕೊಡಿ.

ಹಂತ 7: ಆರ್‌ಎನ್‌ಎ ಯಾವ ಕೋಶದ್ದು?

ಪಟ್ಟಿ ಕೈಗೆ ಬಂದ ಮೇಲೆ ಎಲ್ಲರೂ ಆತುರಪಡುತ್ತಾರೆ. ನಿಲ್ಲಬೇಕಾದದ್ದು ಇಲ್ಲಿಯೇ.

ಟಿಸಿಜಿಎ ವಿಶ್ಲೇಷಣೆ ಜೀನುಗಳ ವ್ಯಕ್ತವಾಗುವಿಕೆಯ ಆಧಾರದ ಮೇಲೆ ಗಡ್ಡೆಗಳನ್ನು ಮೂರು ಗುಂಪು ಮಾಡಿತು: ರೋಗನಿರೋಧಕ, ಕೆರಾಟಿನ್ ಮತ್ತು ಎಂಐಟಿಎಫ್ ಕಡಿಮೆಯಿರುವ ಗುಂಪುಗಳು. ಮೊದಲ ಗುಂಪಿನ ಲಕ್ಷಣ ಬರುವುದು ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟುಗಳಿಂದ, ಮತ್ತು ಆ ರೋಗಿಗಳು ಹೆಚ್ಚು ಕಾಲ ಬದುಕಿದರು. ಇದರ ಪರಿಣಾಮವನ್ನು ಯೋಚಿಸಿ ನೋಡಿ. ಲಿಂಫೋಸೈಟುಗಳಲ್ಲಿ ಮಿರ್-150 ಮತ್ತು ಮಿರ್-155 ಹೇರಳವಾಗಿವೆ. ದುಗ್ಧಗ್ರಂಥಿಯಿಂದ ತೆಗೆದ ಗಡ್ಡೆಯಲ್ಲಿ ಮಿರ್-150 ಹೆಚ್ಚಿದ್ದು ರೋಗಿ ಹೆಚ್ಚು ಕಾಲ ಬದುಕಿದರೆ, ‘ಮಿರ್-150 ಮೆಲನೋಮ ಕೋಶವನ್ನು ಹದ್ದುಬಸ್ತಿನಲ್ಲಿಡುತ್ತದೆ’ ಎಂದು ಬರೆಯುವುದು ಸುಲಭ. ನಾವು ಎಣಿಸಿದ್ದು ಬಹುಶಃ ಲಿಂಫೋಸೈಟುಗಳ ಸಂಖ್ಯೆಯನ್ನು.

ಇದನ್ನು ಬೇರ್ಪಡಿಸಲು ಮೂರು ದಾರಿಗಳನ್ನು ಕೂಡಿಯೇ ಬಳಸಿ. ಎಸ್ಟಿಮೇಟ್ ಅಥವಾ ಸೈಬರ್‌ಸಾರ್ಟ್‌ನಂಥ ಸಾಧನದಿಂದ ಪ್ರತಿ ಮಾದರಿಯ ಕೋಶಮಿಶ್ರಣವನ್ನು ಅಂದಾಜು ಮಾಡಿ, ಅದನ್ನು ಸೂತ್ರದಲ್ಲಿ ಸೇರಿಸಿದ ಮೇಲೂ ನಿಮ್ಮ ಆರ್‌ಎನ್‌ಎ ಉಳಿಯುತ್ತದೆಯೇ ನೋಡುವುದು ಮೊದಲನೆಯದು. ಎರಡನೆಯದು, ಒಂಟಿಕೋಶ ದತ್ತಾಂಶದಲ್ಲಿ ಹುಡುಕುವುದು. 2016ರಲ್ಲಿ ಪ್ರಕಟವಾದ ಮೆಲನೋಮ ಅಧ್ಯಯನವೊಂದು 19 ರೋಗಿಗಳ 4,645 ಕೋಶಗಳನ್ನು ಒಂದೊಂದಾಗಿ ಓದಿತ್ತು, ಅದು ಈಗಲೂ ಒಳ್ಳೆಯ ಆರಂಭ. ಆದರೆ ಸಾಮಾನ್ಯ ಒಂಟಿಕೋಶ ವಿಧಾನಗಳು ಪಾಲಿ-ಎ ಬಾಲವನ್ನು ಹಿಡಿಯುವುದರಿಂದ ಮೈಕ್ರೋಆರ್‌ಎನ್‌ಎಗಳು ಅಲ್ಲಿ ಕಾಣುವುದಿಲ್ಲ, ವಿರಳವಾದ ನೀಳ ಆರ್‌ಎನ್‌ಎಗಳು ಹಲವು ಕೋಶಗಳಲ್ಲಿ ಸೊನ್ನೆಯಾಗಿ ಕಾಣುತ್ತವೆ. ಹೀಗಾಗಿ ಮೂರನೆಯದು ಅನಿವಾರ್ಯ: ಅಂಗಾಂಶದ ಸೀಳಿನ ಮೇಲೆಯೇ ಇನ್ ಸಿಟು ಹೈಬ್ರಿಡೈಸೇಷನ್ ಮಾಡಿ, ಅಂದರೆ ಆ ಆರ್‌ಎನ್‌ಎಗೆ ಅಂಟುವ ಗುರುತುತುಣುಕಿನಿಂದ ಬಣ್ಣ ಬರಿಸಿ, ಕಣ್ಣಾರೆ ನೋಡುವುದು. ಗಾಢ ಬಣ್ಣದ ಗಡ್ಡೆಯಲ್ಲಿ ಕಂದು ಬಣ್ಣದ ಸಂಕೇತವನ್ನು ಆರಿಸಿಕೊಳ್ಳಬೇಡಿ, ಮೆಲನಿನ್‌ನಿಂದ ಅದನ್ನು ಬೇರ್ಪಡಿಸಲಾಗದು. ಕೆಂಪು ಬಣ್ಣ ಒಳ್ಳೆಯದು.

ಹಂತ 8: ಗುರಿಗಳನ್ನು ಹುಡುಕುವಾಗ

ಮೈಕ್ರೋಆರ್‌ಎನ್‌ಎಯ 2ರಿಂದ 8ನೆಯ ನ್ಯೂಕ್ಲಿಯೋಟೈಡುಗಳ ‘ಬೀಜ’ ಯಾವ ಎಂಆರ್‌ಎನ್‌ಎಗಳಿಗೆ ಹೊಂದುತ್ತದೆ ಎಂಬುದನ್ನು ಟಾರ್ಗೆಟ್‌ಸ್ಕ್ಯಾನ್ ಊಹಿಸಿ ಕೊಡುತ್ತದೆ. ಊಹೆಯ ಪಟ್ಟಿ ನೂರಾರು ಹೆಸರುಗಳದ್ದು; ನಿಜವಾದ ಗುರಿಗಳು ಅದರಲ್ಲಿ ಕೆಲವು. ಮಿರ್-211ರ ವಿಷಯದಲ್ಲಿ ಬಿಆರ್‌ಎನ್2 ಮತ್ತು ಕೆಸಿಎನ್‌ಎಂಎ1 ಪ್ರಯೋಗದಿಂದ ತೋರಿಸಿಕೊಟ್ಟ ಗುರಿಗಳು. ಗಡ್ಡೆಗಳಲ್ಲಿ ಮೈಕ್ರೋಆರ್‌ಎನ್‌ಎ ಏರಿದಾಗ ಎಂಆರ್‌ಎನ್‌ಎ ಇಳಿದಿದೆ ಎಂಬ ಸಹಸಂಬಂಧವನ್ನು ಸಾಕ್ಷಿಯೆಂದು ಮುಂದಿಡಬೇಡಿ. ಮಿರ್-211 ಹೆಚ್ಚಿರುವ ತುಣುಕಿನಲ್ಲಿ ಕೆರಾಟಿನ್ ಜೀನುಗಳು ಕಡಿಮೆ ಇರುವುದಕ್ಕೆ ಕೆರಾಟಿನೋಸೈಟುಗಳು ಕಡಿಮೆ ಇರುವುದೇ ಸಾಕಷ್ಟು ಕಾರಣ.

ನೀಳ ಆರ್‌ಎನ್‌ಎಗಳು ಮೈಕ್ರೋಆರ್‌ಎನ್‌ಎಗಳನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತವೆ ಎಂಬ ಊಹೆ 2011ರ ನಂತರ ಬಹಳ ಜನಪ್ರಿಯವಾಯಿತು, ಅದರ ಜಾಲಚಿತ್ರಗಳು ಲೆಕ್ಕವಿಲ್ಲದಷ್ಟು ಪ್ರಕಟವಾಗಿವೆ. ಪ್ರತಿ ಕೋಶಕ್ಕೆ ಹತ್ತಿಪ್ಪತ್ತು ಪ್ರತಿಗಳಿರುವ ನೀಳ ಆರ್‌ಎನ್‌ಎ, ಸಾವಿರಾರು ಪ್ರತಿಗಳಿರುವ ಮೈಕ್ರೋಆರ್‌ಎನ್‌ಎಯನ್ನು ಹೇಗೆ ಹೀರೀತು? ಪ್ರತಿಗಳ ಸಂಖ್ಯೆಯನ್ನು ಅಳೆಯದೆ ಅಂಥ ಚಿತ್ರವನ್ನು ಬರೆಯಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ.

‘ನಾನ್‌ಕೋಡಿಂಗ್’ ಎಂಬ ಹೆಸರನ್ನೂ ಪರೀಕ್ಷಿಸಿ. ಚರ್ಮದ ಕೆರಾಟಿನೋಸೈಟುಗಳು ಪಕ್ವವಾಗಲು ಬೇಕಾದ ಟಿಂಕರ್ ಎಂಬ ನೀಳ ಆರ್‌ಎನ್‌ಎ 2013ರಲ್ಲಿ ವರದಿಯಾಗಿ ಹೆಸರು ಮಾಡಿತು. ಕೆಲವು ವರ್ಷಗಳ ಬಳಿಕ ಅದು ಯುಬಿಕ್ವಿಟಿನ್ ಹೋಲುವ ಚಿಕ್ಕ ಪ್ರೋಟೀನೊಂದನ್ನು ಸಂಕೇತಿಸುವುದು ಕಂಡುಬಂತು.

ಹಂತ 9: ದೃಢೀಕರಣ ಮತ್ತು ಕಾರ್ಯಪರೀಕ್ಷೆ

ಸ್ವತಂತ್ರ ಮಾದರಿಗಳಲ್ಲಿ ಕ್ಯುಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿ, 2009ರ ಮಿಕ್ಯೂ ಮಾರ್ಗಸೂಚಿಯಂತೆ ವಿವರಗಳನ್ನು ದಾಖಲಿಸಿ. ಹೋಲಿಕೆಗೆ ಒಂದೇ ಜೀನನ್ನು ನೆಚ್ಚದೆ, ನಿಮ್ಮ ಮಾದರಿಗಳಲ್ಲಿ ಸ್ಥಿರವೆಂದು ತೋರಿಸಿದ ಎರಡು ಮೂರನ್ನು ಆರಿಸಿಕೊಳ್ಳಿ. ರಕ್ತದ ಪ್ಲಾಸ್ಮಾದಲ್ಲಿ ಅಳೆಯುವವರು ಹೆಪಾರಿನ್ ಕೊಳವೆಗಳನ್ನು ಬಿಟ್ಟು ಇಡಿಟಿಎ ಕೊಳವೆಗಳನ್ನು ಬಳಸಬೇಕು, ಮತ್ತು ಕೆಂಪು ರಕ್ತಕಣಗಳು ಒಡೆದಿವೆಯೇ ಎಂದು ಮಿರ್-451ಎ ಮತ್ತು ಮಿರ್-23ಎಗಳ ಅಂತರದಿಂದ ಪರೀಕ್ಷಿಸಬೇಕು.

ಕೋಶಸಾಲುಗಳಲ್ಲಿ ಎ375 ಮತ್ತು ಎಸ್‌ಕೆ-ಮೆಲ್-28 ಎರಡರಲ್ಲೂ ಬಿಆರ್‌ಎಎಫ್ ವಿ600ಇ ಇದೆ. ಇವೆರಡನ್ನೇ ಬಳಸಿ ‘ಎಲ್ಲ ಮೆಲನೋಮಗಳಲ್ಲಿ’ ಎನ್ನಲಾಗದು. ಸಾಲಿನ ಗುರುತನ್ನು ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ದಶಕಗಳ ಕಾಲ ಸ್ತನ ಕ್ಯಾನ್ಸರಿನದೆಂದು ಬಳಕೆಯಾದ ಎಂಡಿಎ-ಎಂಬಿ-435 ನಿಜದಲ್ಲಿ ಎಂ14 ಎಂಬ ಮೆಲನೋಮದ ಸಾಲು.

ಕಾರ್ಯಪರೀಕ್ಷೆ ಹೇಗಿರಬೇಕು ಎಂಬುದಕ್ಕೆ ಸ್ಯಾಮ್ಸನ್ ಎಂಬ ನೀಳ ಆರ್‌ಎನ್‌ಎಯ ಕತೆಯನ್ನು ನಾನು ಸದಾ ಹೇಳುತ್ತೇನೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 3ನೆಯ ಕ್ರೋಮೋಸೋಮಿನಲ್ಲಿ ಎಂಐಟಿಎಫ್‌ನ ನೆರೆಯಲ್ಲಿರುವ ಈ ಜೀನು ಸುಮಾರು ಶೇಕಡಾ 10ರಷ್ಟು ಮೆಲನೋಮಗಳಲ್ಲಿ ಎಂಐಟಿಎಫ್ ಜೊತೆಗೇ ಪ್ರತಿಗಳನ್ನು ಹೆಚ್ಚಿಸಿಕೊಂಡಿತ್ತು. ಆದರೆ ಅದರ ಆರ್‌ಎನ್‌ಎ ಶೇಕಡಾ 90ಕ್ಕೂ ಹೆಚ್ಚು ಮೆಲನೋಮಗಳಲ್ಲಿ ಕಂಡಿತು, ಏಕೆಂದರೆ ಮೆಲನೋಸೈಟ್ ಕುಲದ ಇನ್ನೊಂದು ನಿಯಂತ್ರಕವಾದ ಸಾಕ್ಸ್10 ಅದನ್ನು ಚಾಲೂ ಮಾಡುತ್ತದೆ. ಹೀಗೆ ಅದು ಯಾವ ಕೋಶದ್ದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ, ಅದಕ್ಕೆ ಹೊಂದಿ ಅಂಟಿಕೊಳ್ಳುವ ಆಂಟಿಸೆನ್ಸ್ ತುಣುಕುಗಳಿಂದ ಅದನ್ನು ನಾಶಮಾಡಿದಾಗ ಬಿಆರ್‌ಎಎಫ್, ಎನ್‌ಆರ್‌ಎಎಸ್, ಟಿಪಿ53 ಯಾವ ಸ್ಥಿತಿಯಲ್ಲಿದ್ದರೂ ಮೆಲನೋಮ ಕೋಶಗಳು ಸಾಯತೊಡಗಿದವು. ಅದು ಪಿ32 ಎಂಬ ಪ್ರೋಟೀನಿನೊಂದಿಗೆ ಬೆಸೆದುಕೊಂಡು ಮೈಟೋಕಾಂಡ್ರಿಯದ ಕೆಲಸವನ್ನು ನಡೆಸುತ್ತದೆ ಎಂಬುದು ತಿಳಿದು, ರೋಗಿಗಳ ಗಡ್ಡೆಯನ್ನು ಕಸಿಮಾಡಿದ ಇಲಿಗಳಲ್ಲೂ ಪರೀಕ್ಷೆ ನಡೆಯಿತು.

ನಿಮ್ಮ ಆರ್‌ಎನ್‌ಎ ಕೋಶಕೇಂದ್ರದಲ್ಲಿದೆಯೋ ಕೋಶರಸದಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಿ. ಮಾಲಟ್1ನಂತೆ ಕೋಶಕೇಂದ್ರದೊಳಗೇ ಉಳಿಯುವವುಗಳಿಗೆ ಎಸ್‌ಐಆರ್‌ಎನ್‌ಎಗಿಂತ (ಜೀನನ್ನು ಅಡಗಿಸಲು ಬಳಸುವ ಪುಟ್ಟ ಆರ್‌ಎನ್‌ಎಗಿಂತ) ಆಂಟಿಸೆನ್ಸ್ ತುಣುಕುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಕನಿಷ್ಠ ಎರಡು ಬೇರೆಬೇರೆ ತುಣುಕುಗಳಿಂದ ಒಂದೇ ಪರಿಣಾಮ ಬರಬೇಕು, ಮತ್ತು ಅದೇ ಆರ್‌ಎನ್‌ಎ ಇಲ್ಲದ ಕೋಶಗಳಲ್ಲಿ ಆ ಪರಿಣಾಮ ಬರಬಾರದು.

ಹಂತ 10: ದತ್ತಾಂಶವನ್ನು ಜಮಾ ಮಾಡುವುದು

ಕಚ್ಚಾ ಓದುಗಳು, ಎಣಿಕೆಯ ಕೋಷ್ಟಕ, ಬಳಸಿದ ಆಜ್ಞೆಗಳು ಮೂರನ್ನೂ ಒಟ್ಟಿಗೆ ಇಡಿ. ಫರೀದಾಬಾದಿನಲ್ಲಿ 2022ರಿಂದ ನಡೆಯುತ್ತಿರುವ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಇದಕ್ಕೆಂದೇ ಇದೆ. ಪ್ರತಿ ಮಾದರಿಯ ಎದುರು ದೇಹದ ಯಾವ ಭಾಗದ್ದು, ಮೂಲಗಡ್ಡೆಯೋ ಹರಡಿದ್ದೋ, ದುಗ್ಧಗ್ರಂಥಿಯದೋ, ತಾಜಾ ತುಣುಕೋ ಮೇಣದ ಬ್ಲಾಕೋ, ಪೆಥಾಲಜಿ ವೈದ್ಯರು ಅಂದಾಜಿಸಿದ ಗಡ್ಡೆಕೋಶಗಳ ಪ್ರಮಾಣವೆಷ್ಟು, ಬಣ್ಣ ಎಷ್ಟು ಗಾಢ ಎಂಬ ಅಂಕಣಗಳು ಇರಲಿ. ಸಾರ್ವಜನಿಕ ಸಂಗ್ರಹಗಳಲ್ಲಿ ನಾನು ಹುಡುಕಿ ಹುಡುಕಿ ಸಿಗದೆ ಹಿಂದಿರುಗಿದ್ದು ಹೆಚ್ಚಾಗಿ ಈ ಅಂಕಣಗಳಿಗಾಗಿ.